ಸ್ಕ್ರೀನ್‌ಗೆ ಮೊದಲು ಏಣಿ: ಕಲಿಕೆಯ ಆ್ಯಪ್ ಕಟ್ಟುವವರು ಪಠ್ಯಕ್ರಮದಿಂದ ಏನು ಕಲಿಯಬಹುದು?

ಮಕ್ಕಳಿಗೆ ಒಂದು ಕಲಿಕೆಯ ಆ್ಯಪ್ ಮಾಡೋಣ ಅಂತ ನಾಲ್ಕು ಜನ ಕೂತರೆ ಮಾತು ಎಲ್ಲಿಂದ ಶುರುವಾಗುತ್ತದೆ? ಬಣ್ಣ ಯಾವುದಿರಲಿ, ಲಾಗಿನ್ ಹೇಗಿರಲಿ, ವಿಡಿಯೊ ಎಷ್ಟು ನಿಮಿಷ ಇರಲಿ, ಸರಿ ಉತ್ತರಕ್ಕೆ ನಾಣ್ಯ ಕೊಡೋಣವೋ ನಕ್ಷತ್ರ ಕೊಡೋಣವೋ. ಪಾಠದ ವಿಷಯ ಬಂದರೆ, ಅದು ಪುಸ್ತಕದಲ್ಲಿ ಇದೆಯಲ್ಲ, ಆಮೇಲೆ ತುಂಬಿದರಾಯಿತು ಅನ್ನುತ್ತಾರೆ. ಕೆಲವು ತಿಂಗಳಲ್ಲಿ ಆ್ಯಪ್ ತಯಾರಾಗುತ್ತದೆ. ಚೆನ್ನಾಗಿಯೇ ಓಡುತ್ತದೆ. ಅದನ್ನು ಬಳಸಿದ ಮಗುವಿಗೆ ಏನು ಬಂತು ಅಂತ ಕೇಳಿದರೆ ಮಾತ್ರ ತಂಡದಲ್ಲಿ ಯಾರ ಹತ್ತಿರವೂ ಉತ್ತರ ಇರುವುದಿಲ್ಲ.

ಈ ಪ್ರಶ್ನೆಗೆ ಉತ್ತರ ಹುಡುಕುವ ವಿದ್ಯೆ ಮೈಸೂರಿಗೆ ಹೊಸದೇನಲ್ಲ. ಮಾನಸಗಂಗೋತ್ರಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ 1963ರಿಂದ ಶಿಕ್ಷಕರನ್ನು ತಯಾರು ಮಾಡುತ್ತಿದ್ದಾರೆ. ಶಿಕ್ಷಕ ತರಬೇತಿಗೆ ಸೇರಿದವರು ಎಲ್ಲೇ ಓದಲಿ, ತರಗತಿಗೆ ಕಾಲಿಡುವ ಮುಂಚೆ ಪಾಠ ಯೋಜನೆ ಬರೆದು ಮೇಷ್ಟ್ರ ಹತ್ತಿರ ಸಹಿ ಹಾಕಿಸಿಕೊಳ್ಳಬೇಕು. ಇತ್ತ ಮೈಸೂರಿನದೇ ಹೆಬ್ಬಾಳದ ಕಡೆ ಸಾಫ್ಟ್‌ವೇರ್ ಬರೆಯುವವರಿದ್ದಾರೆ. ನಡುವೆ ಇರುವುದು ಕೆಲವೇ ಕಿಲೋಮೀಟರು, ಸಿಟಿ ಬಸ್ಸಿನ ದಾರಿ. ಆದರೂ ಸಾಫ್ಟ್‌ವೇರಿನವರು ಶಿಕ್ಷಕರ ಕೋಣೆಗೆ ಹೋಗುವುದು ಕಡಿಮೆ, ಶಿಕ್ಷಕರು ಸಾಫ್ಟ್‌ವೇರಿನವರನ್ನು ಕರೆಯುವುದು ಇನ್ನೂ ಕಡಿಮೆ.

ನಾನು ಹೇಳಹೊರಟಿರುವುದು ಒಂದೇ ವಿಷಯ. ಕಲಿಕೆಯ ಆ್ಯಪ್‌ನಲ್ಲಿ ನಿಜವಾಗಿ ಕಷ್ಟದ ಕೆಲಸ ಕೋಡ್ ಬರೆಯುವ ಮುಂಚೆಯೇ ಮುಗಿದಿರಬೇಕು. ಅದು ಹೇಗೆ ಮುಗಿಯುತ್ತದೆ ಅನ್ನುವುದಕ್ಕೆ ಒಂದು ಪೂರ್ತಿ ಉದಾಹರಣೆ ಕೆಳಗಿದೆ.

ನಾಲ್ಕು ಪ್ರಶ್ನೆ, ಮತ್ತು ಅವುಗಳ ಕ್ರಮ

ಅಮೆರಿಕದ ಶಿಕ್ಷಣ ತಜ್ಞ ರಾಲ್ಫ್ ಟೈಲರ್ 1949ರಲ್ಲಿ ಪಠ್ಯಕ್ರಮ ಮಾಡುವವರ ಮುಂದೆ ನಾಲ್ಕು ಪ್ರಶ್ನೆ ಇಟ್ಟರು. ಕಲಿಸುವುದರ ಉದ್ದೇಶ ಏನು? ಅದು ಈಡೇರಬೇಕಾದರೆ ಮಗುವಿಗೆ ಎಂಥ ಅನುಭವ ಸಿಗಬೇಕು? ಆ ಅನುಭವಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು? ಉದ್ದೇಶ ಈಡೇರಿತೋ ಇಲ್ಲವೋ ಅಂತ ತಿಳಿಯುವುದು ಹೇಗೆ? ಬಿ.ಎಡ್. ಓದಿದವರಿಗೆ ಇದು ಬಾಯಿಪಾಠ. ಎಷ್ಟೋ ಸಲ ಬಾಯಿಪಾಠವಾಗಿಯೇ ಉಳಿಯುತ್ತದೆ, ಅದು ಬೇರೆ ಮಾತು.

ಆ್ಯಪ್ ಮಾಡುವವರು ಸಾಮಾನ್ಯವಾಗಿ ಎರಡನೇ ಪ್ರಶ್ನೆಯಿಂದ ಶುರು ಮಾಡುತ್ತಾರೆ. ವಿಡಿಯೊ, ಕ್ವಿಜ್, ಆಟ ಎಲ್ಲವೂ ಅನುಭವಗಳೇ. ಮೂರನೆಯದಕ್ಕೆ ಪಠ್ಯಪುಸ್ತಕದ ಪರಿವಿಡಿ ಇದೆ. ನಾಲ್ಕನೆಯದಕ್ಕೆ ಅಧ್ಯಾಯದ ಕೊನೆಯಲ್ಲಿ ಹತ್ತು ಪ್ರಶ್ನೆ ಸಾಕು. ಮೊದಲನೆಯದನ್ನು ಯಾರೂ ಕೇಳಿರುವುದಿಲ್ಲ.

1998ರಲ್ಲಿ ಗ್ರಾಂಟ್ ವಿಗಿನ್ಸ್ ಮತ್ತು ಜೇ ಮೆಕ್‌ಟೈ ಅನ್ನುವವರು ಇದೇ ಪ್ರಶ್ನೆಗಳನ್ನು ಇನ್ನೊಂದು ರೀತಿ ಜೋಡಿಸಿದರು. ಮೊದಲು ಗುರಿ. ಅದರ ಹಿಂದೆಯೇ, ಗುರಿ ಮುಟ್ಟಿದ್ದಕ್ಕೆ ಸಾಕ್ಷಿ ಏನು ಅನ್ನುವ ಪ್ರಶ್ನೆ. ಪಾಠ, ಚಟುವಟಿಕೆ, ಆಟ ಎಲ್ಲ ಕೊನೆಗೆ. ಕೊನೆಯಿಂದ ಹಿಂದಕ್ಕೆ ಬರುವುದರಿಂದ ಇದನ್ನು ಹಿಮ್ಮುಖ ಯೋಜನೆ ಅನ್ನಬಹುದು. ತರಗತಿಗಿಂತ ಆ್ಯಪ್‌ಗೆ ಇದು ಜಾಸ್ತಿ ಬೇಕು ಅಂತ ನನಗನ್ನಿಸುತ್ತದೆ. ತರಗತಿಯಲ್ಲಿ ಯೋಜನೆ ಸ್ವಲ್ಪ ಸಡಿಲ ಇದ್ದರೂ ಮೇಷ್ಟ್ರು ಮಕ್ಕಳ ಮುಖ ನೋಡಿ ಸರಿಮಾಡಿಕೊಳ್ಳುತ್ತಾರೆ. ಫೋನಿಗೆ ಮುಖ ಓದಲು ಬರುವುದಿಲ್ಲ. ಮೊದಲೇ ಬರೆದಿಟ್ಟಿದ್ದನ್ನು ಮಾತ್ರ ಅದು ಮಾಡುತ್ತದೆ.

ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ಏಣಿ

ವಿದೇಶದ ಹೆಸರುಗಳು ಸಾಕು. ಒಂದು ಪಠ್ಯಕ್ರಮ ಬಿಡಿಬಿಡಿ ತುಂಡುಗಳಾಗಿ, ಪ್ರತಿ ಮಗುವೂ ತನ್ನ ವೇಗದಲ್ಲಿ ಹೋಗುವ ಹಾಗೆ ಹೇಗೆ ಕಾಣುತ್ತದೆ ಅಂತ ನೋಡಬೇಕಾದರೆ ಮೈಸೂರು ಜಿಲ್ಲೆ ಬಿಟ್ಟು ಹೋಗಬೇಕಾಗಿಲ್ಲ. ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳಿಗೆ ಕಲಿಸುವ ನಲಿ-ಕಲಿ ಪದ್ಧತಿ ಶುರುವಾಗಿದ್ದು 1995ರಲ್ಲಿ, ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಆಂಧ್ರದ ರಿಷಿ ವ್ಯಾಲಿಯಲ್ಲಿ ಒಬ್ಬರೇ ಶಿಕ್ಷಕರು ಹಲವು ತರಗತಿಯ ಮಕ್ಕಳಿಗೆ ಒಟ್ಟಿಗೆ ಕಲಿಸುವ ಪದ್ಧತಿ ಇತ್ತು. ಇಲ್ಲಿನ ಸರ್ಕಾರಿ ಶಾಲೆ ಶಿಕ್ಷಕರು ಅಲ್ಲಿಗೆ ಹೋಗಿ ನೋಡಿ, ಯುನಿಸೆಫ್ ನೆರವಿನಲ್ಲಿ ಅದನ್ನು ಕನ್ನಡದ ಮಕ್ಕಳಿಗೆ ಹೊಂದಿಸಿದರು. ಮುಂದೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಚಿಕ್ಕ ತರಗತಿಗಳಿಗೆಲ್ಲ ಹರಡಿತು.

ನಲಿ-ಕಲಿ ಕೋಣೆಯಲ್ಲಿ ಮಕ್ಕಳು ಸಾಲಾಗಿ ಕೂರುವುದಿಲ್ಲ, ಗುಂಪುಗಳಲ್ಲಿ ಕೂರುತ್ತಾರೆ. ಕಲಿಯಬೇಕಾದ್ದೆಲ್ಲ ಸಣ್ಣ ಕಾರ್ಡುಗಳಲ್ಲಿದೆ. ಪ್ರತಿ ಕಾರ್ಡಿಗೂ ಒಂದು ಚಿತ್ರದ ಗುರುತು, ಒಂದು ಸಂಖ್ಯೆ. ಆ ಕಾರ್ಡುಗಳ ಕ್ರಮವನ್ನು ತೋರಿಸುವ ಕಲಿಕಾ ಏಣಿ ಗೋಡೆಯ ಮೇಲಿದೆ. ಕೆಲವು ಕಾರ್ಡು ಸೇರಿ ಒಂದು ಮೈಲಿಗಲ್ಲು. ತಾನೆಲ್ಲಿದ್ದೇನೆ, ಮುಂದೆ ಯಾವ ಕಾರ್ಡು ತೆಗೆಯಬೇಕು ಅಂತ ಮಗುವಿಗೇ ಗೊತ್ತು. ಹಬ್ಬಕ್ಕೋ ಜಾತ್ರೆಗೋ ನಾಲ್ಕು ದಿನ ಶಾಲೆ ತಪ್ಪಿಸಿದರೆ, ಬಂದ ಮೇಲೆ ಬಿಟ್ಟ ಕಾರ್ಡಿನಿಂದಲೇ ಮುಂದುವರಿಯುತ್ತದೆ. ಉಳಿದವರು ಎಲ್ಲಿಗೆ ಹೋದರು ಅನ್ನುವುದು ಅದಕ್ಕೆ ಅಡ್ಡಿಯಲ್ಲ.

ಗುಂಪುಗಳು ಐದು: ಪೂರ್ತಿ ಶಿಕ್ಷಕರ ಬೆಂಬಲ ಬೇಕಾದವರು, ಭಾಗಶಃ ಶಿಕ್ಷಕರ ಬೆಂಬಲ ಬೇಕಾದವರು, ಜೊತೆಯ ಮಕ್ಕಳ ಬೆಂಬಲದಲ್ಲಿ ಕಲಿಯುವವರು, ಆ ಬೆಂಬಲ ಸ್ವಲ್ಪ ಸಾಕಾದವರು, ತಾವೇ ಕಲಿಯುವವರು. ಹೊಸ ವಿಷಯ ಬಂದಾಗ ಮಗು ಶಿಕ್ಷಕರ ಹತ್ತಿರ ಇರುತ್ತದೆ. ಅಭ್ಯಾಸ ಆಗುತ್ತಾ ಹೋದಂತೆ ದೂರ ಸರಿಯುತ್ತದೆ. ಈಗ ಒಂದು ಆ್ಯಪ್ ತೆರೆದು ನೋಡಿ. ಮೊದಲ ಪಾಠದಲ್ಲೂ ಇಪ್ಪತ್ತನೇ ಪಾಠದಲ್ಲೂ ಸುಳಿವು ಅದೇ, ನೆರವು ಅದೇ, ಮೂಲೆಯಲ್ಲಿ ಮಿಣುಕುವ ಬಲ್ಬಿನ ಚಿತ್ರವೂ ಅದೇ. ನೆರವನ್ನು ಯಾವಾಗ ಕೊಡಬೇಕು ಅಂತ ಯೋಚಿಸಿರುತ್ತಾರೆ. ಯಾವಾಗ ತೆಗೆಯಬೇಕು ಅಂತ ಯೋಚಿಸಿರುವುದಿಲ್ಲ.

ಕ್ರಮದ ವಿಷಯದಲ್ಲಿ ಅಕ್ಷರಗಳ ಉದಾಹರಣೆಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ವರ್ಣಮಾಲೆ ಕಲಿಸುವ ಆ್ಯಪ್‌ಗಳು ಕನ್ನಡದಲ್ಲಿ ಬೇಕಾದಷ್ಟಿವೆ. ಹೆಚ್ಚಿನವು ಅ, ಆ, ಇ, ಈ ಅಂತಲೇ ಹೋಗುತ್ತವೆ. ಸ್ವರಗಳನ್ನೆಲ್ಲ ಕಲಿತು ಮುಗಿಸಿದರೂ ಮಗು ಆ ಅಕ್ಷರಗಳಲ್ಲೇ ಓದಬಲ್ಲ ಪದ ಹುಡುಕಿದರೂ ಸಿಗುವುದು ಕಷ್ಟ. ನಲಿ-ಕಲಿ ಶುರುವಾಗುವುದು ರ, ಗ, ಸ, ದ, ಅ ದಿಂದ. ಈ ಐದು ಅಕ್ಷರ ಬಂದರೆ ಸರ, ದರ, ಅರಸ, ಅಗಸ, ಗರಗಸ ಎಲ್ಲವನ್ನೂ ಓದಬಹುದು. ಗುಣಿತ ಬೇಡ, ಒತ್ತು ಬೇಡ. ಅಕ್ಷರ ಕಲಿತದ್ದಕ್ಕೆ ಪದ ಓದುವ ಖುಷಿ ಕೂಡಲೇ ಸಿಗುತ್ತದೆ, ನಾಣ್ಯ ನಕ್ಷತ್ರದ ಹಂಗಿಲ್ಲದೆ. ವರ್ಣಮಾಲೆಯ ಕ್ರಮವೇನೂ ತಪ್ಪಲ್ಲ. ಅದು ಧ್ವನಿಗಳನ್ನು ವಿಂಗಡಿಸುವವರ ಕ್ರಮ. ಆರು ವರ್ಷದ ಮಗು ಓದಲು ಕಲಿಯುವ ಕ್ರಮ ಬೇರೆ ಇರಬಹುದು ಅಂತ ನಲಿ-ಕಲಿ ರೂಪಿಸಿದವರಿಗೆ ಹೊಳೆದಿತ್ತು. ಪಠ್ಯಕ್ರಮ ಯೋಜನೆ ಅಂದರೆ ಬಹುಪಾಲು ಇಂಥ ಯೋಚನೆಯೇ.

ನಲಿ-ಕಲಿಯ ಬಗ್ಗೆ ದೂರುಗಳೂ ಇವೆ. ಶಿಕ್ಷಕರಿಗೆ ದಾಖಲೆ ಬರೆಯುವ ಹೊರೆ ಜಾಸ್ತಿ. ಮಕ್ಕಳು ಹೆಚ್ಚಿದ್ದಾಗ ತಾವೇ ಕಲಿಯುವ ಗುಂಪನ್ನು ನೋಡುವವರೇ ಇರುವುದಿಲ್ಲ. ಇವೆರಡೂ ಯಂತ್ರ ಸಲೀಸಾಗಿ ಮಾಡಬಹುದಾದ ಕೆಲಸಗಳು. ಯಾವ ಮಗು ಎಲ್ಲಿದೆ ಅಂತ ಬರೆದಿಡುವುದು, ಒಬ್ಬನೇ ಕೂತವನ ಉತ್ತರ ನೋಡಿ ತಕ್ಷಣ ಹೇಳುವುದು. ಆ್ಯಪ್ ಸಹಾಯಕ್ಕೆ ಬರಬೇಕಾದದ್ದು ಇಂಥ ಕಡೆ. ನಾವು ಅದರ ಕೈಯಲ್ಲಿ ವಿಡಿಯೊ ಹಾಕಿಸುತ್ತಿದ್ದೇವೆ.

ಒಂದು ಆ್ಯಪ್ ಯೋಜಿಸೋಣ: ಭಿನ್ನರಾಶಿ

ಮಂಡ್ಯದ ಯಾವುದೋ ಹಳ್ಳಿಯ ಐದನೇ ತರಗತಿ ಮಕ್ಕಳಿಗೆ ಭಿನ್ನರಾಶಿಯ ಆ್ಯಪ್ ಮಾಡಬೇಕು ಅಂದುಕೊಳ್ಳಿ.

ಮೊದಲು ಗುರಿ. ‘ಭಿನ್ನರಾಶಿಯ ಪರಿಕಲ್ಪನೆ ತಿಳಿಯುವುದು’ ಅಂತ ಬರೆದರೆ ಏನೂ ಬರೆದಂತಾಗಲಿಲ್ಲ. ತಿಳಿಯಿತು ಅಂತ ಹೊರಗೆ ಕಾಣುವುದು ಹೇಗೆ? ಕೇಂದ್ರದ ಶಿಕ್ಷಣ ಸಂಸ್ಥೆ ಎನ್‌ಸಿಇಆರ್‌ಟಿ 2017ರಲ್ಲಿ ತರಗತಿವಾರು ಕಲಿಕಾ ಫಲಗಳನ್ನು, ಅಂದರೆ ಯಾವ ತರಗತಿಯಲ್ಲಿ ಮಗುವಿಗೆ ಏನು ಬರಬೇಕು ಅನ್ನುವ ಪಟ್ಟಿಯನ್ನು ಪ್ರಕಟಿಸಿತು. ಅಲ್ಲಿಂದ ಶುರು ಮಾಡಬಹುದು, ಆದರೆ ಆ್ಯಪ್‌ಗೆ ಅದನ್ನು ಇನ್ನೂ ಸಣ್ಣದಾಗಿ ಒಡೆಯಬೇಕು. ನಮ್ಮ ಗುರಿ ಹೀಗಿರಲಿ: ಛೇದ ಬೇರೆ ಬೇರೆ ಇರುವ ಎರಡು ಭಿನ್ನರಾಶಿ ಕೊಟ್ಟರೆ ಯಾವುದು ದೊಡ್ಡದು, ಅಥವಾ ಎರಡೂ ಸಮವೇ ಅಂತ ಮಗು ಹೇಳಬೇಕು. ಹೇಳಿದ್ದನ್ನು ಸಂಖ್ಯಾರೇಖೆಯ ಮೇಲೆ ತೋರಿಸಬೇಕು. ಅಷ್ಟೇ. ಕೂಡುವುದು ಕಳೆಯುವುದು ಈ ಆ್ಯಪ್‌ನಲ್ಲಿ ಇಲ್ಲ. ಏನು ಕಲಿಸುವುದಿಲ್ಲ ಅಂತ ಮೊದಲೇ ಬರೆದಿಡುವುದು ತುಂಬಾ ಉಪಯೋಗಕ್ಕೆ ಬರುತ್ತದೆ. ‘ಇದನ್ನೂ ಸೇರಿಸಿಬಿಡಿ’ ಅಂತ ಯಾರಾದರೂ ಬಂದೇ ಬರುತ್ತಾರೆ.

ಈಗ ಸಾಕ್ಷಿ. ಇಲ್ಲಿ ನಿಲ್ಲಬೇಕು, ಇಲ್ಲೇ ಹೆಚ್ಚು ಹೊತ್ತು ಕಳೆಯಬೇಕು.

ಭಿನ್ನರಾಶಿ ಹೋಲಿಸುವಾಗ ಮಕ್ಕಳು ತಪ್ಪು ಮಾಡುವುದು ಮನಬಂದಂತೆ ಅಲ್ಲ. ಆ ತಪ್ಪಿನ ಹಿಂದೆ ಒಂದು ಲೆಕ್ಕಾಚಾರ ಇರುತ್ತದೆ. ಕೆಲವರಿಗೆ 1/3ಕ್ಕಿಂತ 1/4 ದೊಡ್ಡದು, ಯಾಕೆಂದರೆ 3ಕ್ಕಿಂತ 4 ದೊಡ್ಡದು. ಪೂರ್ಣಸಂಖ್ಯೆಯ ನಿಯಮವನ್ನೇ ಇಲ್ಲಿಗೂ ತಂದಿರುತ್ತಾರೆ. ಇದನ್ನು ತಿದ್ದಲು ಶಿಕ್ಷಕರು ‘ಛೇದ ದೊಡ್ಡದಾದರೆ ಭಾಗ ಚಿಕ್ಕದು’ ಅಂತ ಹೇಳಿಕೊಡುತ್ತಾರೆ. ಇನ್ನು ಕೆಲವರು ಅಷ್ಟನ್ನೇ ಹಿಡಿದುಕೊಂಡು, ಛೇದ ಚಿಕ್ಕದಿರುವ ಭಿನ್ನರಾಶಿಯೇ ಯಾವಾಗಲೂ ದೊಡ್ಡದು ಅಂತ ನಂಬಿರುತ್ತಾರೆ. ಮೂರನೇ ಬಗೆಯವರು ಪೂರ್ತಿಯಾಗಲು ಎಷ್ಟು ಭಾಗ ಕಮ್ಮಿ ಅಂತ ಎಣಿಸುತ್ತಾರೆ. 2/3ಕ್ಕೆ ಒಂದು ಭಾಗ ಕಮ್ಮಿ, 3/4ಕ್ಕೂ ಒಂದೇ ಭಾಗ ಕಮ್ಮಿ, ಹಾಗಾಗಿ ಎರಡೂ ಸಮ ಅನ್ನುತ್ತಾರೆ. ಆ ಒಂದೊಂದು ಭಾಗದ ಗಾತ್ರವೇ ಬೇರೆ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ.

ಈಗ ನಾಲ್ಕೇ ಪ್ರಶ್ನೆ ಮಾಡೋಣ. ಮೊದಲನೆಯದು 1/3 ಮತ್ತು 1/4. ಎರಡನೆಯದು 1/2 ಮತ್ತು 3/4. ಮೂರನೆಯದು 2/3 ಮತ್ತು 3/4. ನಾಲ್ಕನೆಯದು 2/4 ಮತ್ತು 3/6. ಪ್ರತಿಯೊಂದಕ್ಕೂ ಮೂರು ಆಯ್ಕೆ: ಇದು ದೊಡ್ಡದು, ಅದು ದೊಡ್ಡದು, ಎರಡೂ ಸಮ.

ದೊಡ್ಡ ಅಂಕೆ ಕಂಡಲ್ಲಿ ದೊಡ್ಡದು ಅನ್ನುವ ಮಗು ಮೊದಲನೆಯದರಲ್ಲಿ ತಪ್ಪುತ್ತದೆ, ಎರಡು ಮತ್ತು ಮೂರರಲ್ಲಿ ಸರಿ ಹೇಳುತ್ತದೆ, ನಾಲ್ಕರಲ್ಲಿ 3/6 ದೊಡ್ಡದು ಅನ್ನುತ್ತದೆ. ಛೇದ ಚಿಕ್ಕದಿದ್ದರೆ ದೊಡ್ಡದು ಅನ್ನುವ ಮಗು ಮೊದಲನೆಯದರಲ್ಲಿ ಸರಿ, ಎರಡು ಮತ್ತು ಮೂರರಲ್ಲಿ ತಪ್ಪು, ನಾಲ್ಕರಲ್ಲಿ 2/4 ದೊಡ್ಡದು ಅನ್ನುತ್ತದೆ. ಕಮ್ಮಿ ಇರುವ ಭಾಗ ಎಣಿಸುವ ಮಗುವಿಗೆ ಮೊದಲನೆಯದು ಸರಿ ಬರುತ್ತದೆ, ಎರಡು ಮತ್ತು ಮೂರರಲ್ಲಿ ‘ಸಮ’ ಅನ್ನುತ್ತದೆ, ನಿಜವಾಗಿ ಸಮ ಇರುವ ನಾಲ್ಕನೆಯದನ್ನು ಸಮ ಅಲ್ಲ ಅನ್ನುತ್ತದೆ. ಅಂಕ ನೋಡಿದರೆ ಮೊದಲನೇ ಮಗುವಿಗೆ ನಾಲ್ಕಕ್ಕೆ ಎರಡು, ಉಳಿದಿಬ್ಬರಿಗೂ ನಾಲ್ಕಕ್ಕೆ ಒಂದು. ‘ಶೇ 25’ ಅಂತ ತೋರಿಸುವ ಆ್ಯಪ್‌ಗೆ ಆ ಇಬ್ಬರೂ ಒಂದೇ. ಉತ್ತರಗಳ ಮಾದರಿ ನೋಡುವ ಆ್ಯಪ್‌ಗೆ ಅವರ ತಪ್ಪು ಬೇರೆ ಬೇರೆ ಅಂತ ಗೊತ್ತಾಗುತ್ತದೆ. ಇಬ್ಬರಿಗೂ ಕೊಡಬೇಕಾದ ಮುಂದಿನ ಕಾರ್ಡು ಬೇರೆ ಬೇರೆ.

ಇಲ್ಲಿ ಕೃತಕ ಬುದ್ಧಿಮತ್ತೆ ಏನೂ ಬೇಕಾಗಿಲ್ಲ. ನಾಲ್ಕು ಸಾಲಿನ ‘ಹೀಗಿದ್ದರೆ ಹಾಗೆ’ ಸಾಕು. ಬೇಕಾಗಿದ್ದು ಮಕ್ಕಳ ತಪ್ಪುಗಳನ್ನು ಬಲ್ಲ ಶಿಕ್ಷಕರು, ಅವರ ಜೊತೆ ಒಂದು ಮಧ್ಯಾಹ್ನ.

ಊಹೆಯ ಲೆಕ್ಕವನ್ನೂ ಇಲ್ಲೇ ಮಾಡಿಬಿಡಬೇಕು. ಎಷ್ಟೋ ಆ್ಯಪ್‌ಗಳು ಐದು ಪ್ರಶ್ನೆಯಲ್ಲಿ ನಾಲ್ಕು ಸರಿಯಾದರೆ ಮುಂದಿನ ಹಂತಕ್ಕೆ ಬಿಡುತ್ತವೆ. ಪ್ರಶ್ನೆಗಳು ‘ಸರಿ’ ‘ತಪ್ಪು’ ಮಾದರಿಯವಾದರೆ, ಕಣ್ಣುಮುಚ್ಚಿ ಒತ್ತುವ ಮಗುವೂ 32ಕ್ಕೆ 6 ಸಲ, ಅಂದರೆ ಸುಮಾರು ಐದಕ್ಕೊಂದು ಸಲ ಪಾಸಾಗುತ್ತದೆ. ನಾಲ್ಕು ಆಯ್ಕೆ ಕೊಟ್ಟರೆ ಅದು 64ಕ್ಕೊಂದು ಸಲಕ್ಕೆ ಇಳಿಯುತ್ತದೆ. ನಮ್ಮ ಮೂರು ಆಯ್ಕೆಯ ನಾಲ್ಕು ಪ್ರಶ್ನೆಯಲ್ಲಿ ನಾಲ್ಕೂ ಸರಿ ಬೇಕು ಅಂದರೆ 81ಕ್ಕೊಂದು. ಸಂಖ್ಯಾರೇಖೆಯ ಮೇಲೆ 3/4 ಎಲ್ಲಿದೆ ಅಂತ ಬೆರಳಲ್ಲಿ ಎಳೆದು ತೋರಿಸು ಅಂದರೆ ಊಹೆಗೆ ಹೆಚ್ಚು ಜಾಗವೇ ಇರುವುದಿಲ್ಲ. 3 ಮತ್ತು 4ರ ಮಧ್ಯೆ ಹೋಗಿ ಇಡುವ ಮಕ್ಕಳಿರುತ್ತಾರೆ. ಅವರಿಗೆ ಹೋಲಿಕೆಯ ಪಾಠ ಇನ್ನೂ ಬೇಡ, ಎರಡು ಮೆಟ್ಟಿಲು ಕೆಳಗೆ ಹೋಗಬೇಕು.

ಆ ಮೆಟ್ಟಿಲುಗಳನ್ನು ಈಗ ಹಿಂದಕ್ಕೆ ಬರೆಯುತ್ತಾ ಬರೋಣ. ಬೇರೆ ಛೇದದ ಹೋಲಿಕೆಗೆ ಸಮಾನ ಭಿನ್ನರಾಶಿ ಗೊತ್ತಿರಬೇಕು. ಅದಕ್ಕೆ ಸಂಖ್ಯಾರೇಖೆ ಬರಬೇಕು. ಅದಕ್ಕೂ ಮುಂಚೆ 3/4 ಅಂದರೆ ಮೂರು ‘1/4’ಗಳು ಅಂತ ಹೊಳೆದಿರಬೇಕು. ಎಲ್ಲಕ್ಕೂ ತಳದಲ್ಲಿ, ಭಾಗಗಳು ಸಮವಾಗಿದ್ದರೆ ಮಾತ್ರ ಅದು ಭಿನ್ನರಾಶಿ ಅನ್ನುವುದು. ಹೀಗೆ ಕೆಳಗಿನಿಂದ ಮೇಲಕ್ಕೆ ಐದಾರು ಮೈಲಿಗಲ್ಲು. ಆ್ಯಪ್ ತೆರೆದ ಕೂಡಲೇ ಮಗು ಯಾವ ಮೆಟ್ಟಿಲಲ್ಲಿದೆ ಅಂತ ನೋಡಿ ಅಲ್ಲಿಂದ ಶುರು ಮಾಡಬೇಕು. ಐದನೇ ತರಗತಿ ಅಂತ ಒತ್ತಿದ ಮಾತ್ರಕ್ಕೆ ಐದನೆಯದರ ಮೊದಲ ಪಾಠ ತೆರೆಯುವುದು ಸುಲಭದ ದಾರಿ, ಸರಿಯಾದ ದಾರಿಯಲ್ಲ.

ಚಟುವಟಿಕೆ ಕೊನೆಗೆ. ಭಿನ್ನರಾಶಿ ಅಂದಕೂಡಲೇ ಆ್ಯಪ್‌ಗಳಿಗೆ ಪಿಜ್ಜಾ ನೆನಪಾಗುತ್ತದೆ. ಮಂಡ್ಯದ ಮಗುವಿಗೆ ಎಕರೆ ಗುಂಟೆ ಇದೆ. 40 ಗುಂಟೆಗೆ ಒಂದು ಎಕರೆ. ಅರ್ಧ ಎಕರೆ 20 ಗುಂಟೆ, ಕಾಲು ಎಕರೆ 10, ಮುಕ್ಕಾಲು 30. ಅರ್ಧ, ಕಾಲು, ಮುಕ್ಕಾಲು ಅನ್ನುವ ಮಾತು ಮನೆಯಲ್ಲಿ ದಿನಾ ಕಿವಿಗೆ ಬೀಳುತ್ತಿರುತ್ತದೆ. ಕಬ್ಬಿನ ಗದ್ದೆಯೊಂದನ್ನು ಚೌಕಗಳಾಗಿ ತೋರಿಸಿ, 3/8 ಎಕರೆ ಜಾಸ್ತಿಯೋ 2/5 ಎಕರೆ ಜಾಸ್ತಿಯೋ ಅಂತ ಕೇಳಬಹುದು. ದೊಡ್ಡವರೂ ಒಂದು ಕ್ಷಣ ತಡವರಿಸುವ ಪ್ರಶ್ನೆ ಇದು. ಗುಂಟೆಗೆ ಇಳಿಸಿದರೆ 15 ಮತ್ತು 16. ಒಂದೇ ಗುಂಟೆಯ ವ್ಯತ್ಯಾಸ, ಆದರೆ ಕಣ್ಣಿಗೆ ಕಾಣುತ್ತದೆ. ಎರಡನ್ನೂ ನಲವತ್ತರಲ್ಲಿ ಬರೆದು ಹೋಲಿಸುವುದೇ ಸಮಾನ ಛೇದ ಮಾಡುವುದು ಅಂತ ಆಮೇಲೆ ಹೇಳಿದರೆ ಮಗುವಿಗೆ ಅದು ಹೊಸ ವಿಷಯ ಅನ್ನಿಸುವುದಿಲ್ಲ.

ಊರಿನ ಉದಾಹರಣೆ ಅಂದಕೂಡಲೇ ಎಲ್ಲದಕ್ಕೂ ಒಗ್ಗುತ್ತದೆ ಅಂತಲ್ಲ. 40ನ್ನು ಮೂರರಿಂದ ಭಾಗಿಸಿದರೆ ಗುಂಟೆ ಪೂರ್ತಿ ಬರುವುದಿಲ್ಲ, 13 ಆಗಿ ಒಂದು ಉಳಿಯುತ್ತದೆ. ಹಾಗಾಗಿ 1/3, 2/3ಕ್ಕೆ ಗಡಿಯಾರಕ್ಕೆ ಹೋಗಬೇಕು. ಗಂಟೆಯಲ್ಲಿ 60 ನಿಮಿಷ, ಮೂರನೇ ಒಂದು ಭಾಗ 20 ನಿಮಿಷ, ಕಾಲು ಗಂಟೆ 15 ನಿಮಿಷ. ಮೈಸೂರಿನ ಕುವೆಂಪುನಗರದ ಮಗುವಿಗೆ ಗುಂಟೆಯೇ ಗೊತ್ತಿಲ್ಲದಿರಬಹುದು. ಅದಕ್ಕೆ ಗೊತ್ತಿರುವುದು ‘ತರ್ಟಿ ಫಾರ್ಟಿ’ ಸೈಟು. ಅಂಥವರಿಗೂ ಗಡಿಯಾರವೇ ಒಳ್ಳೆಯದು. ಸಂದರ್ಭವನ್ನು ಬದಲಿಸುವ ಹಾಗೆ ಆ್ಯಪ್ ಕಟ್ಟಿದರೆ ಏಣಿ ಅದೇ ಇರುತ್ತದೆ, ಚಿತ್ರ ಮಾತ್ರ ಬದಲಾಗುತ್ತದೆ.

ಒತ್ತುವುದು ಮತ್ತು ಮಾಡುವುದು

ಅಮೆರಿಕದ ಶಿಕ್ಷಣ ತಜ್ಞ ಬೆಂಜಮಿನ್ ಬ್ಲೂಮ್ ಮತ್ತು ಜೊತೆಗಾರರು 1956ರಲ್ಲಿ ಮಾಡಿದ, 2001ರಲ್ಲಿ ಪರಿಷ್ಕೃತವಾದ ಕಲಿಕೆಯ ಮೆಟ್ಟಿಲುಗಳ ವರ್ಗೀಕರಣ ಶಿಕ್ಷಕರಿಗೆಲ್ಲ ಗೊತ್ತು: ನೆನಪಿಡುವುದು, ಅರ್ಥ ಮಾಡಿಕೊಳ್ಳುವುದು, ಅನ್ವಯಿಸುವುದು, ವಿಶ್ಲೇಷಿಸುವುದು, ಮೌಲ್ಯ ಕಟ್ಟುವುದು, ಹೊಸದಾಗಿ ಮಾಡುವುದು. ಇದರ ಮೇಲೆ ಹೆಚ್ಚು ಹೇಳುವ ಅಗತ್ಯ ಕಾಣುವುದಿಲ್ಲ. ಆ್ಯಪ್ ಮಾಡುವವರು ಒಂದನ್ನು ಗಮನಿಸಿದರೆ ಸಾಕು. ಉತ್ತರ ಒತ್ತುವ ಪ್ರಶ್ನೆಯಲ್ಲಿ ಹೆಚ್ಚಾಗಿ ಮೊದಲ ಮೆಟ್ಟಿಲಷ್ಟೇ ಪರೀಕ್ಷೆಯಾಗುತ್ತದೆ. ಮೇಲಿನ ಮೆಟ್ಟಿಲಿಗೆ ಮಗು ಎಳೆಯಬೇಕು, ಬಿಡಿಸಬೇಕು, ತನ್ನ ದನಿಯಲ್ಲಿ ‘ಯಾಕೆಂದರೆ’ ಅಂತ ಹೇಳಿ ರೆಕಾರ್ಡ್ ಮಾಡಬೇಕು, ಇಲ್ಲವೇ ಫೋನ್ ಕೆಳಗಿಟ್ಟು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ‘ಫೋನ್ ಕೆಳಗಿಡು’ ಅಂತ ಹೇಳುವ ಧೈರ್ಯ ಬಹಳ ಆ್ಯಪ್‌ಗಳಿಗೆ ಇಲ್ಲ.

ಪುಸ್ತಕಕ್ಕೆ ಆಗದ್ದು

ಫೋನು ಪುಸ್ತಕಕ್ಕಿಂತ ನಿಜವಾಗಿ ಮುಂದಿರುವ ಜಾಗ ಒಂದಿದೆ. ಅದು ನೆನಪಿಸುವುದು.

ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ಅಳೆದು 1885ರಲ್ಲಿ ಪ್ರಕಟಿಸಿದರು. ಕಲಿತ ಕೂಡಲೇ ಮರೆವು ಜೋರಾಗಿರುತ್ತದೆ, ಆಮೇಲೆ ನಿಧಾನವಾಗುತ್ತದೆ. ಮಧ್ಯೆ ಮಧ್ಯೆ ಬಿಡುವು ಕೊಟ್ಟು ಮತ್ತೆ ನೆನಪಿಸಿಕೊಂಡರೆ ಹೆಚ್ಚು ಕಾಲ ಉಳಿಯುತ್ತದೆ. 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಇದನ್ನು ಕಾರ್ಡುಪೆಟ್ಟಿಗೆಯ ಪದ್ಧತಿಯಾಗಿ ಜನಪ್ರಿಯಗೊಳಿಸಿದರು. ಸರಿ ಹೇಳಿದ ಕಾರ್ಡು ಮುಂದಿನ ಖಾನೆಗೆ ಹೋಗುತ್ತದೆ, ಅದನ್ನು ನೋಡುವುದು ತಡವಾಗಿ. ತಪ್ಪಿದ್ದು ಮೊದಲ ಖಾನೆಗೆ ವಾಪಸ್ಸು, ಅದನ್ನು ಬೇಗ ಬೇಗ ನೋಡಬೇಕು.

ಮೂವತ್ತು ಮಕ್ಕಳಿಗೆ ಮೂವತ್ತು ಪೆಟ್ಟಿಗೆ ಇಟ್ಟು ಈ ಲೆಕ್ಕ ನಡೆಸುವುದು ಯಾವ ಶಿಕ್ಷಕರಿಗೂ ಆಗದ ಕೆಲಸ. ಫೋನಿಗೆ ಅದು ಏನೂ ಅಲ್ಲ. ಇಷ್ಟಾದರೂ ನಮ್ಮ ಆ್ಯಪ್‌ಗಳಲ್ಲಿ ಅಧ್ಯಾಯ ಮುಗಿದರೆ ಹಸಿರು ಗುರುತು ಬೀಳುತ್ತದೆ, ಮತ್ತೆ ಆ ಕಡೆ ತಿರುಗಿ ನೋಡುವುದಿಲ್ಲ.

ಇದರ ಪಕ್ಕದಲ್ಲೇ ಅಮೆರಿಕದ ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ 1960ರಲ್ಲಿ ಹೇಳಿದ ಸುರುಳಿ ಪಠ್ಯಕ್ರಮವನ್ನೂ ಇಡಬೇಕು. ಒಂದೇ ವಿಷಯಕ್ಕೆ ಮತ್ತೆ ಮತ್ತೆ ಬರಬೇಕು, ಬಂದಾಗಲೆಲ್ಲ ಸ್ವಲ್ಪ ಆಳಕ್ಕೆ ಇಳಿಯಬೇಕು ಅನ್ನುವುದು ಅದರ ಸಾರ. ಎಬ್ಬಿಂಗ್‌ಹೌಸ್ ಹೇಳಿದ ಮರುಭೇಟಿ ಮರೆಯದಿರಲು. ಬ್ರೂನರ್ ಹೇಳಿದ್ದು ಹೆಚ್ಚು ತಿಳಿಯಲು. ಕಾಲು ಎಕರೆ ಅಂದರೆ 10 ಗುಂಟೆ ಅಂತ ಮೂರು ದಿನದ ಮೇಲೆ ಮತ್ತೆ ಕೇಳುವುದು ಮೊದಲನೆಯದು. ಆರನೇ ತರಗತಿಯಲ್ಲಿ ಅದನ್ನೇ 0.25 ಅಂತಲೂ, ಆಮೇಲೆ ಶೇ 25 ಅಂತಲೂ ನೋಡುವುದು ಎರಡನೆಯದು. ಏಣಿ ಬರೆಯುವಾಗ ಎರಡಕ್ಕೂ ಜಾಗ ಇಡಬೇಕು.

ಮನೆಯ ಫೋನು ಅಪ್ಪನದು

ಶಾಲೆಯ ವೇಳಾಪಟ್ಟಿ ನೋಡಿಕೊಂಡು ಪಠ್ಯಕ್ರಮ ಮಾಡುತ್ತೇವೆ. ಆ್ಯಪ್‌ಗೂ ವೇಳಾಪಟ್ಟಿ ಇದೆ, ಅದು ಮನೆಯದು. ಎಷ್ಟೋ ಮನೆಗಳಲ್ಲಿ ಇರುವುದು ಒಂದೇ ಸ್ಮಾರ್ಟ್‌ಫೋನು. ಅಪ್ಪ ಸಂಜೆ ಬಂದ ಮೇಲೆ ಅಕ್ಕನಿಗೂ ತಮ್ಮನಿಗೂ ಅದೇ ಫೋನು. ಮಧ್ಯೆ ಕರೆ ಬರುತ್ತದೆ. ಚಾರ್ಜು ಕೊನೆಯಲ್ಲಿರುತ್ತದೆ.

ಇದನ್ನೆಲ್ಲ ತಾಂತ್ರಿಕ ವಿಭಾಗಕ್ಕೆ ಬಿಡುವುದು ಸರಿಯಲ್ಲ, ಇವು ಪಾಠದ ಅಳತೆಯನ್ನೇ ನಿರ್ಧರಿಸುತ್ತವೆ. 20 ನಿಮಿಷದ ಪಾಠ ಇಲ್ಲಿ ಮುಗಿಯುವುದೇ ಇಲ್ಲ. ಒಂದು ಕಾರ್ಡು ಐದಾರು ನಿಮಿಷದಲ್ಲಿ ಮುಗಿಯಬೇಕು, ಅರ್ಧಕ್ಕೆ ನಿಂತರೆ ಅಲ್ಲಿಂದಲೇ ಶುರುವಾಗಬೇಕು. ಒಂದೇ ಫೋನಿನಲ್ಲಿ ಇಬ್ಬರು ಮೂವರು ಮಕ್ಕಳ ಏಣಿ ಬೇರೆ ಬೇರೆ ಇರಬೇಕು. ಇಲ್ಲದಿದ್ದರೆ ಅಕ್ಕನ ಉತ್ತರಗಳು ತಮ್ಮನ ಲೆಕ್ಕಕ್ಕೆ ಸೇರಿ ಎಲ್ಲ ಕಲಸಿಹೋಗುತ್ತದೆ. ನೆಟ್ ಇಲ್ಲದೆಯೂ ನಡೆಯಬೇಕು. ಸೂಚನೆಯನ್ನು ಓದಿ ಹೇಳುವ ದನಿ ಬೇಕು, ಯಾಕೆಂದರೆ ಲೆಕ್ಕ ಬಂದರೂ ಪ್ರಶ್ನೆ ಓದಲು ತಡವರಿಸುವ ಮಗು ಗಣಿತದಲ್ಲಿ ದಡ್ಡ ಅಂತ ದಾಖಲಾಗಬಾರದು. ಆ ದನಿ ವಾರ್ತೆ ಓದುವ ಕನ್ನಡದಲ್ಲಿದ್ದರೆ ಮಕ್ಕಳು ಕೇಳುವುದಿಲ್ಲ. ಮಂಡ್ಯದ ಯಾರಾದರೂ ಮೇಡಂ ತಮ್ಮ ತರಗತಿಯಲ್ಲಿ ಮಾತಾಡುವ ಹಾಗೇ ಮಾತಾಡಿ ರೆಕಾರ್ಡ್ ಮಾಡಿದರೆ ಒಳ್ಳೆಯದು.

ಕಾನೂನಿನ ಒಂದು ಮಾತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನವರೆಲ್ಲ ಮಕ್ಕಳೇ. ಅವರ ಮಾಹಿತಿ ಪಡೆಯಲು ಪೋಷಕರ ಒಪ್ಪಿಗೆ ಬೇಕು, ಅವರನ್ನು ಗುರಿಯಾಗಿಸಿ ಜಾಹೀರಾತು ತೋರಿಸುವ ಹಾಗಿಲ್ಲ. ಮಗುವಿನ ತಪ್ಪುಗಳ ಮಾದರಿ ಬೇಕು ಅಂತ ಮೇಲೆ ಹೇಳಿದೆನಲ್ಲ, ಅದು ಫೋನಿನಲ್ಲೇ ಇದ್ದರೆ ಸಾಕು. ಹೆಸರು, ಫೋಟೊ, ಊರು ಯಾವುದೂ ಅದಕ್ಕೆ ಬೇಕಾಗಿಲ್ಲ.

ಯಾವುದನ್ನು ಎಣಿಸಬೇಕು?

ಆ್ಯಪ್ ಹೊರಗೆ ಬಂದ ಮೇಲೆ ತಂಡ ನೋಡುವ ಅಂಕಿಗಳು ಗೊತ್ತೇ ಇವೆ: ಎಷ್ಟು ಡೌನ್‌ಲೋಡ್, ದಿನಕ್ಕೆ ಎಷ್ಟು ನಿಮಿಷ, ಸತತ ಎಷ್ಟು ದಿನ ತೆರೆದರು. ಇವು ವ್ಯಾಪಾರಕ್ಕೆ ಬೇಕಾಗಬಹುದು, ಕಲಿಕೆಯ ಬಗ್ಗೆ ಏನೂ ಹೇಳುವುದಿಲ್ಲ. ಚೆನ್ನಾಗಿ ಕಲಿತ ಮಗು ಬೇಗ ಮುಗಿಸಿ ಹೋಗುತ್ತದೆ, ಆಗ ನಿಮಿಷ ಕಡಿಮೆಯಾಗುತ್ತದೆ. ಸತತ ದಿನಗಳ ಸರಪಳಿ ತಪ್ಪಬಾರದು ಅಂತ ರಾತ್ರಿ ಹತ್ತಕ್ಕೆ ಎರಡು ಸುಲಭದ ಪ್ರಶ್ನೆ ಒತ್ತಿ ಮಲಗುವ ಮಗುವಿಗೆ ಸರಪಳಿ ಉಳಿಸುವುದು ಬಂತು, ಭಿನ್ನರಾಶಿ ಬರಲಿಲ್ಲ. ತಪ್ಪು ಉತ್ತರಕ್ಕೆ ತಮಾಷೆಯ ಸದ್ದು ಇಟ್ಟರಂತೂ ಮುಗಿಯಿತು, ಆ ಸದ್ದಿಗೋಸ್ಕರ ಮಕ್ಕಳು ಬೇಕಂತಲೇ ತಪ್ಪು ಒತ್ತುತ್ತಾರೆ.

ನನ್ನನ್ನು ಕೇಳಿದರೆ ಒಂದೇ ಅಂಕಿ ಸಾಕು. ಮೈಲಿಗಲ್ಲು ದಾಟಿದ ಏಳು ದಿನದ ಮೇಲೆ, ಮಗು ಹಿಂದೆ ನೋಡಿರದ ಪ್ರಶ್ನೆ ಕೊಟ್ಟಾಗ, ಸುಳಿವಿಲ್ಲದೆ ಮೊದಲ ಯತ್ನದಲ್ಲಿ ಎಷ್ಟು ಮಕ್ಕಳು ಸರಿ ಹೇಳಿದರು? ಅದು ಕಡಿಮೆ ಇದ್ದರೆ ಮಕ್ಕಳನ್ನು ಬಿಟ್ಟು ಏಣಿಯನ್ನು ನೋಡಬೇಕು. ಯಾವುದೋ ಮೆಟ್ಟಿಲು ತಪ್ಪಿಹೋಗಿರುತ್ತದೆ, ಅಥವಾ ಎರಡು ಮೆಟ್ಟಿಲ ಮಧ್ಯೆ ಅಂತರ ಜಾಸ್ತಿ ಇರುತ್ತದೆ.

ಶುರು ಎಲ್ಲಿಂದ?

ಸಾಫ್ಟ್‌ವೇರಿನವರು ಮೊದಲು ಒಂದು ಸಣ್ಣ ಆವೃತ್ತಿ ಬಿಡುತ್ತಾರೆ. ಆ ಅಭ್ಯಾಸ ಒಳ್ಳೆಯದೇ. ಯಾವುದು ಸಣ್ಣದು ಅನ್ನುವುದರಲ್ಲಿ ಎಡವುತ್ತಾರೆ. ಹತ್ತು ಅಧ್ಯಾಯದ ಹತ್ತು ವಿಡಿಯೊ ಸಣ್ಣ ಆವೃತ್ತಿ ಅಲ್ಲ, ಹತ್ತು ಅರೆಬೆಂದ ಪಾಠ. ಒಂದೇ ಒಂದು ಮೈಲಿಗಲ್ಲನ್ನು ಪೂರ್ತಿ ಮಾಡಬೇಕು: ಗುರಿ, ಸಾಕ್ಷಿ, ತಪ್ಪುಗಳ ಮಾದರಿ, ಕಾರ್ಡುಗಳು, ಕಡಿಮೆಯಾಗುತ್ತಾ ಹೋಗುವ ನೆರವು, ಏಳು ದಿನದ ಮರುಭೇಟಿ.

ಅದನ್ನೂ ಮೊದಲು ಕಾಗದದ ಮೇಲೆ. ರಟ್ಟು ಕತ್ತರಿಸಿ ಕಾರ್ಡು ಮಾಡಿ, ಹತ್ತಿರದ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರ ಅನುಮತಿ ಕೇಳಿ, ಐದಾರು ಮಕ್ಕಳ ಜೊತೆ ಕೂತುಕೊಳ್ಳಿ. ಆ್ಯಪ್ ಮಾಡುವ ಕೆಲಸವನ್ನು ನೀವೇ ಮಾಡಿ. ಉತ್ತರ ನೋಡಿ, ಬರೆದಿಟ್ಟ ನಿಯಮದ ಪ್ರಕಾರ ಮುಂದಿನ ಕಾರ್ಡು ಕೊಡಿ. ನಡುವೆ ಬಾಯಿಬಿಟ್ಟು ವಿವರಿಸಬೇಡಿ, ಫೋನಿಗೆ ಆ ಸೌಕರ್ಯ ಇಲ್ಲ. ಎಲ್ಲಿ ತಡೆಯಲಾರದೆ ಬಾಯಿ ಹಾಕಿದಿರೋ ಅಲ್ಲಿ ಒಂದು ಕಾರ್ಡು ಕಮ್ಮಿ ಇದೆ ಅಂತ ಗುರುತು ಮಾಡಿಕೊಳ್ಳಿ.

ತಂಡದಲ್ಲಿ ಆ ತರಗತಿಗೆ ಈಗಲೂ ಕಲಿಸುತ್ತಿರುವ ಶಿಕ್ಷಕರೊಬ್ಬರು ಇರಲಿ. ಕೊನೆಗೆ ‘ಕಂಟೆಂಟ್ ಸರಿ ಇದೆಯಾ ನೋಡಿ ಮೇಡಂ’ ಅಂತ ಕಳಿಸುವುದಕ್ಕಲ್ಲ, ಮೊದಲ ದಿನ ಗುರಿ ಬರೆಯುವಾಗಲೇ. ಅವರ ಸಮಯಕ್ಕೆ ಹಣ ಕೊಡಿ. ಡಿಸೈನ್ ಮಾಡುವವರಿಗೆ ಕೊಡುತ್ತೀರಲ್ಲ, ಇದೂ ಡಿಸೈನೇ.